ಹಿಟ್ಟಿನ ಕೋಳಿ, ಸೋಯಾ ಕೈಮ

(ಊರಿನ ಗ್ರಂಥಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಡುಗೆಯ ವಿಷಯ ಮಾತನಾಡಲು ಹೋಗುತ್ತಿದ್ದೇನೆ ಎಂದಾಗ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. 34 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು ನಾನು. ಒಲೆಯ ಮುಂದೆ ನಿಂತ ಅನುಭವ ಕಾಫಿ ಕಾಯಿಸುವುದರಿಂದ ಆಚೆಗೆ ಹೋಗಿರಲಿಲ್ಲ. ಆದರೆ ಹೋದ ವರ್ಷ ನಮ್ಮ ಅಡುಗೆಮನೆಯಲ್ಲಿ ನಡೆದ ಒಂದು ವಾಗ್ವಾದ ನನ್ನನ್ನು ಪುಸ್ತಕಗಳ ಕಡೆಗೂ ಒಲೆಯ ಕಡೆಗೂ ಒಟ್ಟಿಗೇ ತಳ್ಳಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಮಂಡ್ಯದ ಕಡೆಯ ಒಕ್ಕಲು ಮನೆತನ. ಪಿತೃಪಕ್ಷ ಬಂತೆಂದರೆ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದೆಲ್ಲ ಎಡೆಯಲ್ಲಿ ಇರಬೇಕು. ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಾದರೆ ಬೀಡಿ, ಜೊತೆಗೆ ಬಾಡಿನ ಅಡುಗೆ. ನಮ್ಮಪ್ಪನಿಗೆ ಕೈಮ ಉಂಡೆ ಸಾರೆಂದರೆ ಪ್ರಾಣ. ಅವರು ಹೋದ ಮೇಲೆ ಒಂದು ವರ್ಷವೂ ತಪ್ಪದೆ ಅವ್ವ ಅದನ್ನು ಮಾಡಿ ಎಡೆಗೆ ಇಟ್ಟಿದ್ದಾಳೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ನಾಲ್ಕು ವರ್ಷದಿಂದ ಮಾಂಸ ಮೊಟ್ಟೆ ಬಿಟ್ಟಿದ್ದಾಳೆ. ಅಷ್ಟೇ ಆಗಿದ್ದರೆ ಮನೆಯಲ್ಲಿ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಶನಿವಾರ, ಸೋಮವಾರ ಬಿಡುವವರು ನಮ್ಮಲ್ಲೂ ಇದ್ದಾರೆ. ಇವಳು ಹಾಲು, ಮೊಸರು, ತುಪ್ಪವನ್ನೂ ಬಿಟ್ಟಳು. ಜೇನನ್ನೂ ಬಿಟ್ಟಳು. ಪ್ರಾಣಿಯಿಂದ ಬಂದದ್ದು ಯಾವುದೂ ಬೇಡ ಎನ್ನುವ ಇಂಥವರಿಗೆ ‘ವೀಗನ್’ ಎಂಬ ಹೆಸರಿದೆ. ಹೋದ ಪಿತೃಪಕ್ಷಕ್ಕೆ ಊರಿಗೆ ಬಂದವಳು, ‘ಅಜ್ಜಿ, ಈ ಸಲ ತಾತನ ಎಡೆಗೆ ಕೈಮ ಉಂಡೆ ನಾನು ಮಾಡ್ತೀನಿ, ಸೋಯಾದಲ್ಲಿ’ ಎಂದಳು.

ಅವ್ವ ಒಲೆಯ ಮುಂದಿನಿಂದ ಏಳದೆ ಕೇಳಿದಳು: ‘ಬಾಡು ಬ್ಯಾಡ ಅಂದ್ಮ್ಯಾಕೆ ಬಾಡಿನಂಗೆ ಯಾಕವ್ವ ಮಾಡ್ಬೇಕು? ಬದ್ನೆಕಾಯಿ ಇಲ್ವಾ?’

ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ. ಸಸ್ಯದಿಂದ ಮಾಡಿದ ಮಾಂಸ, ಸಸ್ಯದಿಂದ ಮಾಡಿದ ಚೀಸು ಎಂದಾಗ ಲೋಕದ ಎಲ್ಲ ಕಡೆಯ ಜನ ಕೇಳುವ ಮೊದಲ ಪ್ರಶ್ನೆ ಇದೇ. ಬಿಟ್ಟ ಮೇಲೆ ಬಿಡಬೇಕು, ವೇಷ ಏಕೆ?

ಈ ಪ್ರಶ್ನೆ ಹೊಸದು ಎಂದು ನಾನು ತಿಳಿದಿದ್ದೆ. ಕನ್ನಡ ಮೇಷ್ಟರಾಗಿಯೂ ನನಗೆ ಹೊಳೆಯದೇ ಹೋದದ್ದೆಂದರೆ, ಇದನ್ನು ನಮ್ಮ ಜನ್ನ ಕವಿ 1209ರಲ್ಲೇ ತನ್ನ ಕಾವ್ಯದ ನಡುವೆ ಇಟ್ಟಿದ್ದಾನೆ ಎಂಬುದು. ‘ಯಶೋಧರ ಚರಿತೆ’ಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ರಾಣಿ ಅಮೃತಮತಿ ಮಾವುತನಿಗೆ ಮನಸೋತದ್ದನ್ನು ಕಂಡು ಕುಗ್ಗಿಹೋದ ರಾಜ ಯಶೋಧರ, ತಾಯಿ ಕೇಳಿದಾಗ ಕೆಟ್ಟ ಕನಸು ಬಿತ್ತು ಎಂದು ಮರೆಮಾಚುತ್ತಾನೆ. ಕನಸಿನ ದೋಷ ಕಳೆಯಲು ಚಂಡಮಾರಿಗೆ ಬಲಿ ಕೊಡಬೇಕು ಎನ್ನುತ್ತಾಳೆ ತಾಯಿ. ಜೀವಹಿಂಸೆ ಮಾಡಲಾರೆ ಎನ್ನುತ್ತಾನೆ ಮಗ. ಕೊನೆಗೆ ಇಬ್ಬರ ನಡುವೆ ಒಂದು ರಾಜಿ: ನಿಜವಾದ ಕೋಳಿ ಬೇಡ, ಹಿಟ್ಟಿನ ಕೋಳಿಯಾಗಲಿ. ಚೆಲುವಾದ ಹಿಟ್ಟಿನ ಕೋಳಿ ತಯಾರಾಗುತ್ತದೆ. ರಾಜ ಕತ್ತಿ ಎತ್ತಿ ಕಡಿಯುತ್ತಾನೆ. ಆಗ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ! ತರಗತಿಯಲ್ಲಿ ಈ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಆಮೇಲೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ, ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಒಂದು ಮುದ್ದೆ ಹಿಟ್ಟನ್ನು ಕಡಿದದ್ದಕ್ಕೆ ಇಷ್ಟೊಂದು ಶಿಕ್ಷೆಯೇ ಎಂದು ಮಕ್ಕಳು ಕೇಳುತ್ತಿದ್ದರು. ಅದಕ್ಕೆ ಜೈನರ ಉತ್ತರ ಸಂಕಲ್ಪ ಹಿಂಸೆ ಎಂಬ ಮಾತು. ಕತ್ತಿ ಬಿದ್ದದ್ದು ಹಿಟ್ಟಿನ ಮೇಲೆ, ಆದರೆ ಮನಸ್ಸು ಕಡಿದದ್ದು ಕೋಳಿಯನ್ನು. ಗಿರೀಶ ಕಾರ್ನಾಡರು ಇದೇ ಕಥೆಯಿಂದ 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಅದೇ ಶತಮಾನದಲ್ಲಿ, ನಮ್ಮದೇ ನಾಡಿನ ಕರಾವಳಿಯಲ್ಲಿ, ಇದಕ್ಕೆ ಎದುರಾದ ಉತ್ತರವೂ ಇತ್ತು ನೋಡಿ. ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಪ್ರಾಣಿಯ ಬದಲು ಪಿಷ್ಟಪಶು, ಅಂದರೆ ಹಿಟ್ಟಿನಿಂದ ಮಾಡಿದ ಪಶು ಸಾಕು ಎಂದಿತು. ಒಬ್ಬರಿಗೆ ಹಿಟ್ಟಿನ ಪ್ರಾಣಿ ಪಾಪದ ಬಾಗಿಲು, ಇನ್ನೊಬ್ಬರಿಗೆ ಪಾಪದಿಂದ ಹೊರಬರುವ ಬಾಗಿಲು. ನಾವು ನೀವು ಆಯುಧಪೂಜೆಯ ದಿನ ಬೂದುಗುಂಬಳಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ಸುರಿದು, ನಡುರಸ್ತೆಯಲ್ಲಿ ಒಡೆಯುತ್ತೇವಲ್ಲ, ಅದೂ ಬಲಿಯ ವೇಷವೇ. ಆ ಕೆಂಪು ಯಾತರ ಕೆಂಪು ಎಂದು ಯಾರೂ ಕೇಳುವುದಿಲ್ಲ. ಹಿಂದಿನಿಂದ ಬಂದ ಸ್ಕೂಟರಿನವನು ಜಾರಿ ಬಿದ್ದಾಗ ಮಾತ್ರ ಅದರ ನೆನಪಾಗುತ್ತದೆ.

ಬಲಿಯ ಪೀಠದಿಂದ ಊಟದ ಎಲೆಗೆ ಬರೋಣ. ಮಾಂಸವನ್ನು ಹೋಲುವ ಅಡುಗೆಯನ್ನು ಒಂದು ವಿದ್ಯೆಯಾಗಿಯೇ ಬೆಳೆಸಿದವರು ಚೀನಾದ ಬೌದ್ಧರು. ಆರನೆಯ ಶತಮಾನದಲ್ಲಿ ಲಿಯಾಂಗ್ ವಂಶದ ವೂ ಎಂಬ ಚಕ್ರವರ್ತಿ (ಆಳ್ವಿಕೆ 502ರಿಂದ 549) ಬೌದ್ಧನಾಗಿ, ಭಿಕ್ಷುಗಳು ಮದ್ಯ ಮಾಂಸ ಮುಟ್ಟಬಾರದೆಂದು ವಿಧಿಸಿದ. ಪೂರ್ವಜರ ಗುಡಿಯ ಬಲಿಗೂ ಪ್ರಾಣಿಯ ಬದಲು ಹಿಟ್ಟಿನ ಆಕೃತಿಗಳನ್ನು ಇಡಿಸಿದ. ಪಿತೃಗಳಿಗೆ ಹಿಟ್ಟಿನ ಎಡೆ! ಇದನ್ನು ಓದಿದಾಗ ನಾನು ನಮ್ಮವ್ವನಿಗೆ ಓದಿ ಹೇಳಿದೆ. ‘ಅವ್ನು ರಾಜ, ಕೇಳೋರ್‍ಯಾರು?’ ಎಂದಳು.

ರಾಜಾಜ್ಞೆಯಿಂದ ಮಾಂಸ ಹೋಗಬಹುದು, ನಾಲಿಗೆಯ ನೆನಪು ಹೋಗುವುದಿಲ್ಲ. ವಿಹಾರಗಳಿಗೆ ಬರುವ ಭಕ್ತರು ಮನೆಯಲ್ಲಿ ಮಾಂಸ ತಿನ್ನುವವರೇ. ಅವರಿಗೆ ಬಡಿಸುವಾಗ ಪರಿಚಯವಿಲ್ಲದ ಊಟ ಬಡಿಸಿದರೆ ಅತಿಥಿಸತ್ಕಾರ ಹೇಗಾದೀತು? ಅಲ್ಲಿಂದ ಬೆಳೆದದ್ದು ಈ ವಿದ್ಯೆ. ಸೋಂಗ್ ವಂಶದ ಕಾಲಕ್ಕೆ (960ರಿಂದ 1279) ರಾಜಧಾನಿಗಳಲ್ಲಿ ಸಸ್ಯಾಹಾರದ ಊಟದ ಮನೆಗಳೇ ಇದ್ದವು, ಅಲ್ಲಿ ಮಾಂಸ ಮೀನುಗಳ ಅನುಕರಣೆಯ ಖಾದ್ಯಗಳೂ ಸಿಗುತ್ತಿದ್ದವು. ಹತ್ತನೆಯ ಶತಮಾನದ ತಾವೋ ಗು ಎಂಬ ಲೇಖಕ ಒಂದು ಸೊಗಸಾದ ಸಂಗತಿ ಬರೆದಿಟ್ಟಿದ್ದಾನೆ. ಮಿತವ್ಯಯಿಯಾದ ಒಬ್ಬ ಅಧಿಕಾರಿಯ ಊರಿನಲ್ಲಿ ಜನ ಮಾಂಸದ ಬದಲು ದಿನವೂ ತೋಫು ಕೊಳ್ಳುತ್ತಿದ್ದರಂತೆ, ಅದಕ್ಕೆ ಅವರು ಇಟ್ಟ ಅಡ್ಡಹೆಸರಿನ ಅರ್ಥ ‘ಪುಟ್ಟ ಕುರಿಮಾಂಸ’ ಎಂದು. ಜಪಾನಿನಲ್ಲಿ ತೋಫುವನ್ನು ತರಕಾರಿಯ ಜೊತೆ ಕಲಸಿ ಕರಿದ ಒಂದು ಉಂಡೆಯನ್ನು ಇಂದಿಗೂ ‘ಗನ್‌ಮೊದೋಕಿ’ ಎನ್ನುತ್ತಾರೆ. ಗನ್ ಎಂದರೆ ಕಾಡುಬಾತು; ಇದು ಬಾತಿನಂತಿರುವುದು. ಅದನ್ನು ತಿನ್ನುವವರು ಈಗ ಬಾತನ್ನು ನೆನೆಯುವುದೂ ಇಲ್ಲ. ವೇಷ ಹಾಕಿಕೊಂಡು ಬಂದದ್ದು ಕಾಲಾಂತರದಲ್ಲಿ ತಾನೇ ಒಂದು ಅಡುಗೆಯಾಗಿ ನಿಂತುಬಿಟ್ಟಿತು.

ತೋಫು ಏನೆಂದು ಕೇಳಿದವರಿಗೆ ಒಂದೇ ಮಾತು: ಸೋಯಾ ಅವರೆಯ ಹಾಲನ್ನು ಒಡೆದು, ಬಟ್ಟೆಯಲ್ಲಿ ಕಟ್ಟಿ, ಭಾರ ಹೇರಿದ್ದು. ನಾವು ನಿಂಬೆಹಣ್ಣು ಹಿಂಡಿ ಪನೀರು ಮಾಡುವ ಹಾಗೆಯೇ. ಅದಕ್ಕಿಂತ ನನಗೆ ಬೆರಗೆನಿಸಿದ್ದು ಇನ್ನೊಂದು ಪದಾರ್ಥ. ಚೀನೀ ಭಾಷೆಯಲ್ಲಿ ಅದರ ಹೆಸರು ಮಿಯೆನ್‌ಜಿನ್. ‘ಹಿಟ್ಟಿನ ಸ್ನಾಯು’ ಎಂದು ಅರ್ಥ ಮಾಡಬಹುದು. ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಬಿಟ್ಟು, ಆ ಮುದ್ದೆಯನ್ನು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಬೇಕು. ಮೊದಲ ನೀರು ಹಾಲಿನಂತೆ ಬೆಳ್ಳಗೆ ಬರುತ್ತದೆ. ಅದು ಗಂಜಿ, ಪಿಷ್ಟ. ಐದಾರು ಸಲ ತೊಳೆದಾಗ ಕೈಯಲ್ಲಿ ಉಳಿಯುವುದು ರಬ್ಬರಿನಂತೆ ಎಳೆದರೆ ಎಳೆಯುವ ಒಂದು ಗಂಟು. ಅದೇ ಗೋಧಿಯ ಪ್ರೊಟೀನು, ಗ್ಲುಟೆನ್. ಒಂದು ಕಿಲೋ ಮೈದಾಹಿಟ್ಟಿಗೆ ಕಾಲು ಕಿಲೋ ಚಿಲ್ಲರೆ ಸಿಗುತ್ತದೆ. ಅದನ್ನು ಮಸಾಲೆ ನೀರಿನಲ್ಲಿ ಬೇಯಿಸಿ, ಹೆಚ್ಚಿ, ಹುರಿದರೆ ಹಲ್ಲಿಗೆ ಸಿಗುವ ಬಿಗಿ ಕೋಳಿಮಾಂಸದ್ದೇ.

ಈ ಕ್ರಮವನ್ನು ನಾನು ಮನೆಯಲ್ಲಿ ವಿವರಿಸುತ್ತಿದ್ದಾಗ ಅವ್ವ ನಡುವೆ ಬಾಯಿ ಹಾಕಿದಳು: ‘ಇದು ಗೋಧಿ ಹಾಲು ತೆಗ್ಯೋದಲ್ವಾ?’ ಹೌದಲ್ಲ! ಗೋಧಿ ಹಲ್ವಕ್ಕೆ, ಗೋಧಿ ಸಂಡಿಗೆಗೆ ನಮ್ಮ ಹೆಂಗಸರು ತಲೆಮಾರುಗಳಿಂದ ಗೋಧಿ ನೆನೆಹಾಕಿ, ರುಬ್ಬಿ, ಹಿಂಡಿ ಹಾಲು ತೆಗೆದಿದ್ದಾರೆ. ಹಾಲು ಬಾಣಲೆಗೆ, ಕೈಯಲ್ಲಿ ಉಳಿದ ಜಿಗುಟು ಚರಟ ದನದ ಕಲಗಚ್ಚಿಗೆ. ನಾವು ಕಲಗಚ್ಚಿಗೆ ಹಾಕಿದ್ದನ್ನು ಚೀನಾದ ಭಿಕ್ಷುಗಳು ಒಗ್ಗರಣೆಗೆ ಹಾಕಿದರು. ನಮಗೆ ಅದರ ಅಗತ್ಯ ಬೀಳಲಿಲ್ಲ ಎನ್ನುವುದೂ ನಿಜ. ಮಾಂಸ ಬಿಟ್ಟವರಿಗೆ ಇಲ್ಲಿ ಬೇಳೆಯಿತ್ತು, ಹಾಲಿತ್ತು. ಚೀನಾದ ವಿಹಾರಗಳ ಊಟದಲ್ಲಿ ಹಾಲಿಗೆ ಅಂಥ ಜಾಗ ಇರಲಿಲ್ಲ. ಒಂದು ದೃಷ್ಟಿಯಲ್ಲಿ ಅವರ ಅಡುಗೆ ನನ್ನ ಮಗಳ ಅಡುಗೆಗೆ ನಮ್ಮ ಉಡುಪಿ ಹೋಟೆಲಿಗಿಂತ ಹತ್ತಿರ.

ಪಶ್ಚಿಮದವರ ವಿಷಯ ಬೇಗ ಮುಗಿಸುತ್ತೇನೆ. ಅಮೆರಿಕದ ಮಿಚಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ ಜಾನ್ ಹಾರ್ವೆ ಕೆಲಾಗ್ ಎಂಬ ವೈದ್ಯ ಒಂದು ದೊಡ್ಡ ಆರೋಗ್ಯಧಾಮ ನಡೆಸುತ್ತಿದ್ದ. ಜೋಳದ ಗರಿಯ ಡಬ್ಬಿಯ ಮೇಲೆ ಕಾಣುವ ಹೆಸರಿನ ಮನೆತನದವನೇ. ಮಾಂಸವೇ ರೋಗದ ಮೂಲ ಎಂದು ನಂಬಿದ್ದ ಆತ ಕಡಲೆಕಾಯಿ ಮತ್ತು ಗೋಧಿಯ ಗ್ಲುಟೆನ್ ಸೇರಿಸಿ ಡಬ್ಬಿಯಲ್ಲಿ ಬೇಯಿಸಿದ ‘ಪ್ರೊಟೋಸ್’ ಎಂಬ ಮಾಂಸದ ಬದಲಿಯನ್ನು ರೋಗಿಗಳಿಗೆ ಬಡಿಸಿದ. ಇಂಥ ಆಹಾರಕ್ಕೆ 1901ರಲ್ಲಿ ಪೇಟೆಂಟೂ ಪಡೆದ. ‘ವೀಗನ್’ ಎಂಬ ಪದ ಬಂದದ್ದು ಇಂಗ್ಲೆಂಡಿನಿಂದ, 1944ರ ನವೆಂಬರಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಅವನ ಕೆಲವು ಗೆಳೆಯರು ‘ವೆಜಿಟೇರಿಯನ್’ ಪದದ ತಲೆಯನ್ನೂ ಬಾಲವನ್ನೂ ಕೂಡಿಸಿ ಈ ಹೆಸರು ಮಾಡಿದರು.

ಆದರೆ ಹಾಲಿನ ಪ್ರಶ್ನೆಯನ್ನು ಅವರಿಗಿಂತ ಮೊದಲೇ ಎದುರಿಸಿ ಸೋತವರು ಒಬ್ಬರಿದ್ದರು. ಸೋತೆ ಎಂದು ಅವರೇ ಒಪ್ಪಿಕೊಂಡದ್ದರಿಂದ ಹೀಗೆನ್ನುತ್ತೇನೆ. 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧೀಜಿ ಹಾಲು ಬಿಟ್ಟರು. ಕಲ್ಕತ್ತೆಯ ಗೌಳಿಗರು ಹಸುವಿನಿಂದ ಕೊನೆಯ ಹನಿ ಹಿಂಡಲು ಮಾಡುತ್ತಿದ್ದ ಹಿಂಸೆಯನ್ನು ಓದಿದ್ದು ಅದಕ್ಕೊಂದು ಕಾರಣ. ಮುಂದೆ ಭಾರತದಲ್ಲಿ ಕಾಯಿಲೆ ಬಿದ್ದು ಮೂಳೆ ಚಕ್ಕಳವಾದಾಗ, ವೈದ್ಯರು ಹಾಲಿಲ್ಲದೆ ಆಗದು ಎಂದರು. ಆಗ ಕಸ್ತೂರ್‌ಬಾ ಒಂದು ದಾರಿ ತೋರಿದರು: ವ್ರತ ಹಿಡಿದಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ, ಆಡಿನ ಹಾಲಿಗೆ ಏನು ಅಡ್ಡಿ? ಗಾಂಧೀಜಿ ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ಆತ್ಮಕಥೆಯಲ್ಲಿ ಕೊರಗಿದರು. ಯಶೋಧರನ ಹಿಟ್ಟಿನ ಕೋಳಿ ಅವರ ಬಟ್ಟಲಿನಲ್ಲೂ ಕೂಗಿತ್ತು ಎನ್ನಬಹುದೇನೋ.

ಆಡಿನ ಹಾಲಿನ ಬದಲು ಕಡಲೆಕಾಯಿ ಹಾಲು ಕೊಡಬಲ್ಲವರು ಮುಂದೆ ನಮ್ಮ ನಾಡಿನಲ್ಲೇ ಹುಟ್ಟಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಕಡಲೆಕಾಯಿಯ ಬೆನ್ನು ಹತ್ತಿತು. ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಶುದ್ಧವಾಗಿ ಹಿಟ್ಟು ಮಾಡಿ, ಅದರ 75 ಭಾಗಕ್ಕೆ 25 ಭಾಗ ಕಡಲೆಹಿಟ್ಟು ಸೇರಿಸಿ ಮಾಡಿದ ಬಹೂಪಯೋಗಿ ಆಹಾರ ಅಲ್ಲಿಂದ ಬಂತು. ಎಮ್ಮೆ ಹಾಲಿಗೆ ಕಡಲೆಕಾಯಿ ಪ್ರೊಟೀನು ಬೆರೆಸಿ ಹಾಲನ್ನು ಹೆಚ್ಚಿಸುವ ‘ಮಿಲ್ಟೋನ್’ ಬಂದದ್ದೂ ಅಲ್ಲಿಂದಲೇ. ಅವರ ಚಿಂತೆ ವ್ರತದ್ದಲ್ಲ, ಹಸಿದ ಮಕ್ಕಳದ್ದು. ಆದರೂ ಹಾಲು ಹಸುವಿನಿಂದಲೇ ಬರಬೇಕಿಲ್ಲ ಎಂಬ ಮಾತನ್ನು ಪ್ರಯೋಗಶಾಲೆಯಲ್ಲಿ ತೋರಿಸಿದವರು ಅವರು.

ಈಗ ಮಗಳ ಕೈಮ ಉಂಡೆಗೆ ಬರುತ್ತೇನೆ. ಸೋಯಾ ಅವರೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟೇ ಇದರ ಮೂಲ. ಮಾಂಸವೆಂದರೆ ಉದ್ದುದ್ದ ನಾರುಗಳ ಕಟ್ಟು. ಕಾಳಿನ ಪ್ರೊಟೀನಾದರೋ ಉಂಡೆ ಉಂಡೆಯಾಗಿ ಸುತ್ತಿಕೊಂಡಿರುವಂಥದ್ದು. ಸೋಯಾ ಹಿಟ್ಟಿಗೆ ನೀರು ಬೆರೆಸಿ, ತಿರುಪುಳ್ಳ ಒಂದು ಬಿಸಿ ಕೊಳವೆಯಲ್ಲಿ ಭಾರಿ ಒತ್ತಡದಿಂದ ನೂಕಿದರೆ ಆ ಸುರುಳಿಗಳು ಬಿಚ್ಚಿ, ಹರಿಯುವ ದಿಕ್ಕಿಗೆ ಸಾಲುಗೊಳ್ಳುತ್ತವೆ. ಸಣ್ಣ ರಂಧ್ರದಿಂದ ಹೊರಬಿದ್ದ ಕೂಡಲೇ ಒಳಗಿನ ನೀರು ಹಬೆಯಾಗಿ ಸಿಡಿದು, ಅದು ಪುರಿಯಂತೆ ಉಬ್ಬುತ್ತದೆ. ನಮ್ಮ ಚಕ್ಕುಲಿ ಒರಳಿಗೆ ಬೆಂಕಿಯನ್ನೂ ಇಂಜಿನ್ನನ್ನೂ ಜೋಡಿಸಿದಂತೆ ಎಂದುಕೊಳ್ಳಿ. ಅಮೆರಿಕದಲ್ಲಿ 1960ರ ದಶಕದಲ್ಲಿ ಕೈಗೂಡಿದ ಈ ಕ್ರಮ, ಮಧ್ಯಪ್ರದೇಶದಲ್ಲಿ ಸೋಯಾ ಬೆಳೆ ಹಬ್ಬಿದ ಮೇಲೆ ನಮ್ಮಲ್ಲಿಗೂ ಬಂತು. ಹಾಸ್ಟೆಲಿನಲ್ಲಿ ಓದಿದವರಿಗೆಲ್ಲ ಅದು ‘ಮೀಲ್ ಮೇಕರ್’ ಎಂಬ ಹೆಸರಿನಲ್ಲಿ ಗೊತ್ತು. ಹಾಸ್ಟೆಲಿನಲ್ಲಿ ತಿಂದ ಕಾರಣಕ್ಕೇ ಮತ್ತೆಂದೂ ಮುಟ್ಟದವರೂ ಇದ್ದಾರೆ.

ತಪ್ಪು ಸೋಯಾದ್ದಲ್ಲ, ಅವಸರದ್ದು. ಮಗಳು ಮಾಡಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಸೋಯಾದ ಸಣ್ಣ ಹರಳನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಹಿಂಡಿ, ತಣ್ಣೀರಿನಲ್ಲಿ ತೊಳೆದು, ಮತ್ತೆ ಹಿಂಡಿದಳು. ಹೀಗೆ ಮೂರು ಸಲ. ಕಾಳಿನ ಹಸಿ ವಾಸನೆ ಹೋಗುವುದು ಹೀಗೆ, ಮಸಾಲೆ ಒಳಗೆ ಇಳಿಯಲು ಜಾಗವಾಗುವುದೂ ಹೀಗೆ. ಹಿಂಡದೆ ಹಾಕಿದರೆ ಒಳಗೆ ಬರೀ ನೀರು. ಸಾರಿನ ರುಚಿ ಹೊರಗೇ ನಿಲ್ಲುತ್ತದೆ. ಎರಡನೆಯದು ಕೊಬ್ಬು. ಕುರಿಯ ಕೈಮದಲ್ಲಿ ಅದು ತಾನಾಗಿಯೇ ಇರುತ್ತದೆ, ಸೋಯಾದಲ್ಲಿ ಎಣ್ಣೆಯನ್ನೆಲ್ಲ ತೆಗೆದೇ ಬಿಟ್ಟಿರುತ್ತಾರೆ. ಅದಕ್ಕೆ ಅವಳು ಹಸಿ ತೆಂಗಿನಕಾಯನ್ನು ಎಂದಿಗಿಂತ ಹೆಚ್ಚು ರುಬ್ಬಿದಳು, ಎರಡು ಚಮಚ ಎಣ್ಣೆಯನ್ನೂ ಕಲಸಿದಳು. ಮೂರನೆಯದು ಕಂದುಬಣ್ಣದ ರುಚಿ. ಮಾಂಸ ಹುರಿದಾಗ ಬರುವ ಘಮದಲ್ಲಿ ಬಹುಪಾಲು ಪ್ರೊಟೀನು ಸಕ್ಕರೆಗಳು ಬಿಸಿಗೆ ಕೂಡಿ ಹುಟ್ಟುವಂಥದ್ದು. ಅದನ್ನು ಈರುಳ್ಳಿಯನ್ನು ಚೆನ್ನಾಗಿ ಕೆಂಪಗೆ ಹುರಿದು ಸ್ವಲ್ಪಮಟ್ಟಿಗೆ ತರಬಹುದು. ಒಣಗಿಸಿ ಪುಡಿ ಮಾಡಿದ ಅಣಬೆಯನ್ನೂ ಅವಳು ಹಾಕಿದಳು. ಮಿಕ್ಕದ್ದೆಲ್ಲ ಅವ್ವನದೇ ಲೆಕ್ಕ: ಚಕ್ಕೆ, ಲವಂಗ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಂಡೆ ಬಿಡದಂತೆ ಹಿಡಿಯಲು ಹುರಿಗಡಲೆ ಪುಡಿ. ಮೊಟ್ಟೆಯ ಅಗತ್ಯವೇ ಬೀಳಲಿಲ್ಲ. ಕುದಿಯುವ ಸಾರಿಗೆ ಉಂಡೆಗಳನ್ನು ಒಂದೊಂದಾಗಿ ಬಿಟ್ಟು, ಹತ್ತು ನಿಮಿಷ ಸೌಟು ಹಾಕಬಾರದು. ಮೊದಲ ಸಲ ನಾನು ಸೌಟು ಹಾಕಿದೆ. ಕೈಮ ಉಂಡೆ ಸಾರಿನ ಬದಲು ಸೋಯಾ ಗಂಜಿಯಾಯಿತು.

ವಿದೇಶದಲ್ಲಿ ಈಗ ಇನ್ನೂ ಮುಂದೆ ಹೋಗಿದ್ದಾರೆ. ಮಾಂಸದ ಕೆಂಪಿಗೂ ರಕ್ತದ ರುಚಿಗೂ ಕಾರಣವಾದ ಕಬ್ಬಿಣಾಂಶದ ಅಣುವಿನಂಥದ್ದೇ ಸೋಯಾ ಬೇರಿನ ಗಂಟುಗಳಲ್ಲೂ ಇದೆ. ಅದನ್ನು ಯೀಸ್ಟಿನಿಂದ ಮಾಡಿಸಿ ಸೇರಿಸಿದ ಬರ್ಗರು 2016ರಲ್ಲಿ ಅಮೆರಿಕದ ಹೋಟೆಲುಗಳಿಗೆ ಬಂತು. ಕತ್ತರಿಸಿದರೆ ಕೆಂಪು ರಸ ಒಸರುತ್ತದಂತೆ. ನನಗೇನೋ ಅಲ್ಲಿ ಜನ್ನನ ನೆನಪಾಗುತ್ತದೆ. ಅಷ್ಟು ದೂರ ಬೇಕೇ ಎಂದು ಮಗಳನ್ನು ಕೇಳಿದರೆ, ‘ಅದು ನನಗಲ್ಲ ಅಪ್ಪ, ಇನ್ನೂ ಬಿಡದೆ ಇರೋರಿಗೆ’ ಎಂದಳು. ಒಪ್ಪಬೇಕಾದ ಮಾತು.

ಮಾಂಸಕ್ಕಿಂತ ಕಷ್ಟದ್ದು ಚೀಸು. ಅವ್ವನ ಕಾಲಕ್ಕೆ ಚೀಸೇ ಇರಲಿಲ್ಲ, ಅದರ ಬದಲಿ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಆದರೆ ಜ್ವರ ಬಿಟ್ಟ ದಿನ ಬಾಯಿ ಏನನ್ನು ಬೇಡುತ್ತದೋ ಅದು ಹತ್ತು ವರ್ಷದ ವಯಸ್ಸಿನಲ್ಲಿ ತಿಂದ ಊಟ. ನನಗೆ ಅದು ಮೊಸರನ್ನ. ಮಗಳ ತಲೆಮಾರಿಗೆ, ಹೇಳಲು ಸಂಕೋಚವಾದರೂ, ಎಳೆ ಎಳೆಯಾಗಿ ಬರುವ ಪಿಜ್ಜಾ. ಆ ಎಳೆಯ ಗುಟ್ಟು ಹಾಲಿನ ಕೇಸೀನ್ ಎಂಬ ಪ್ರೊಟೀನಿನಲ್ಲಿದೆ. ಸುಣ್ಣದಂಶದಿಂದ ಬೆಸೆದುಕೊಂಡ ಅದರ ಬಲೆ ಬಿಸಿಗೆ ಸಡಿಲಗೊಂಡು ಹರಿಯುತ್ತದೆ. ಸಸ್ಯದ ಪ್ರೊಟೀನುಗಳು ಇದಕ್ಕೆ ವಿರುದ್ಧ. ಬಿಸಿ ಮಾಡಿದಷ್ಟೂ ಗಟ್ಟಿಯಾಗುವುದು ಹೆಚ್ಚು. ಹಾಗಾಗಿ ಅಂಗಡಿಯ ಸಸ್ಯಚೀಸುಗಳಲ್ಲಿ ಪ್ರೊಟೀನು ಕಡಿಮೆ, ಕೊಬ್ಬರಿ ಎಣ್ಣೆಯೂ ಪಿಷ್ಟವೂ ಹೆಚ್ಚು. ಕರಗುತ್ತದೆ, ಆದರೆ ಹೊಟ್ಟೆಗೆ ಹತ್ತುವುದಿಲ್ಲ. ದುಡ್ಡಿಗೆ ತಕ್ಕ ಮಾಲು ಎಂದು ನನಗನ್ನಿಸಿಲ್ಲ.

ಮನೆಯಲ್ಲಿ ಮಾಡುವ ಗೋಡಂಬಿಯ ಚೀಸು ಬೇರೆ ಮಾತು. ನಾಲ್ಕು ಗಂಟೆ ನೆನೆದ ಗೋಡಂಬಿಯನ್ನು ಬೆಣ್ಣೆಯಂತೆ ರುಬ್ಬಿ, ಹುಳಿ ಬರಿಸಿ, ಉಪ್ಪು ನಿಂಬೆರಸ ಸೇರಿಸಿ, ಮರಗೆಣಸಿನ ಹಿಟ್ಟು ಕದಡಿ ಒಲೆಯ ಮೇಲೆ ಕೈಬಿಡದೆ ತಿರುವಿದರೆ ಎಳೆ ಬರುತ್ತದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಗಿಡ ನಮ್ಮ ಕರಾವಳಿಯ ಗುಡ್ಡಗಳಲ್ಲಿ ನೆಲೆಯಾಗಿ, ಈಗ ಚೀಸಿನ ವೇಷವನ್ನೂ ಹಾಕುತ್ತಿದೆ. ಮೊಸರಿಗೆ ಮಾತ್ರ ಗೋಡಂಬಿಯ ಖರ್ಚು ಬೇಡ. ಕಡಲೆಕಾಯಿ ಬೀಜ ರಾತ್ರಿ ನೆನೆಹಾಕಿ, ಸಿಪ್ಪೆ ತೆಗೆದು, ರುಬ್ಬಿ, ಸೋಸಿ, ಕಾಯಿಸಿ, ಬೆರಳು ತಾಳುವಷ್ಟು ಆರಿದ ಮೇಲೆ ನಾಲ್ಕಾರು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಟ್ಟರೆ ಹೆಪ್ಪಾಗುತ್ತದೆ. ಮೊದಲ ಹೆಪ್ಪು ಸಪ್ಪೆ. ಅದರಿಂದ ಹಾಕಿದ ಎರಡನೆಯದು ಚೆನ್ನ. ಸಾಸಿವೆ, ಶುಂಠಿ, ಇಂಗಿನ ಒಗ್ಗರಣೆ ಬಿದ್ದ ಮೇಲೆ ಅನ್ನದಲ್ಲಿ ಕಲಸಿದ್ದನ್ನು ನಾನು ಮೊಸರನ್ನ ಎಂದೇ ತಿಂದೆ. ಒಂದು ಎಚ್ಚರಿಕೆ: ಹಾಲು ಮಾಂಸ ಎರಡನ್ನೂ ಬಿಟ್ಟವರಿಗೆ ಬಿ-12 ಜೀವಸತ್ವ ಊಟದಿಂದ ಸಿಗುವುದಿಲ್ಲ. ಅದನ್ನು ಸೇರಿಸಿದ ಆಹಾರವನ್ನೋ ಮಾತ್ರೆಯನ್ನೋ ವೈದ್ಯರನ್ನು ಕೇಳಿ ತೆಗೆದುಕೊಳ್ಳಲೇಬೇಕು.

ಇವನ್ನು ಹಾಲು, ಚೀಸು ಎನ್ನಬಹುದೇ ಎಂಬ ಜಗಳ ನ್ಯಾಯಾಲಯದವರೆಗೂ ಹೋಗಿದೆ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2017ರಲ್ಲಿ, ಸಸ್ಯದಿಂದ ಮಾಡಿದ್ದಕ್ಕೆ ಹಾಲು ಚೀಸುಗಳ ಹೆಸರಿಟ್ಟು ಮಾರಬಾರದೆಂದಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ 2021ರಲ್ಲಿ ಅದೇ ಜಾಡು ಹಿಡಿದು, 2022ರಲ್ಲಿ ವೀಗನ್ ಆಹಾರಕ್ಕೆ ಬೇರೆಯೇ ನಿಯಮ ತಂದಿತು. ಕೊಳ್ಳುವವನಿಗೆ ಮೋಸವಾಗಬಾರದು ಎಂಬುದು ಸರಿ. ಆದರೆ ಕಾಯಿಹಾಲು, ಗೋಧಿಹಾಲು, ಕಬ್ಬಿನಹಾಲು ಎಂದು ಹಿಂದಿನಿಂದ ಅಂದುಕೊಂಡು ಬಂದಿರುವ ಕನ್ನಡಿಗ ಈ ಜಗಳ ಕೇಳಿ ನಕ್ಕಾನು. ಕಬ್ಬು ಎಂದು ಕರು ಹಾಕಿತ್ತು?

ಅವ್ವನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಅದರ ಒಳಗೆ ಇನ್ನೊಂದು ಪ್ರಶ್ನೆ ಅಡಗಿತ್ತು ಎಂದು ನನಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ. ನಮ್ಮ ಸಮಾಜದಲ್ಲಿ ಮಾಂಸ ಬಿಡುವುದೆಂದರೆ ಬರೀ ಊಟದ ಮಾತಲ್ಲ. ಬಾಡು ತಿನ್ನುವವರು ಕೆಳಗೆ, ತಿನ್ನದವರು ಮೇಲೆ ಎಂಬ ಲೆಕ್ಕ ಅದರ ಹಿಂದೆಯೇ ಬರುತ್ತದೆ. ಬಾಡಿಗೆ ಮನೆ ಹುಡುಕಿದವರಿಗೆ ಅದು ಗೊತ್ತು. ಮೊಮ್ಮಗಳು ಬಾಡು ಬೇಡ ಎಂದಾಗ ಅವ್ವನಿಗೆ ನೋವಾದದ್ದು ಅಲ್ಲಿ. ‘ನಮ್ಮ ಊಟ ಅಸಯ್ಯ ಅನ್ನಿಸ್ತಾ ನಿಂಗೆ?’ ಎಂದು ಒಂದು ರಾತ್ರಿ ಅವಳನ್ನೇ ಕೇಳಿದಳು. ‘ಅಸಹ್ಯ ಆಗಿದ್ರೆ ಯಾಕಜ್ಜಿ ಅದನ್ನೇ ಮಾಡೋಕೆ ಬರ್ತಿದ್ದೆ? ನಿನ್ನ ಮಸಾಲೆ ಬಿಟ್ಟು ಬದುಕೋಕಾಗಲ್ಲ ಅಂತಲೇ ಇದು. ಕುರೀನ ಬಿಟ್ಟೆ, ನಿನ್ನನ್ನ ಬಿಟ್ನಾ?’ ಎಂದಳು ಮಗಳು. ಬದನೆಕಾಯಿ ಪಲ್ಯ ಮಾಡಿಕೊಂಡು ಬೇರೆ ಕೂತು ಉಂಡಿದ್ದರೆ ಅವಳ ವ್ರತಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಪಂಕ್ತಿ ಮಾತ್ರ ಎರಡಾಗುತ್ತಿತ್ತು. ಯಶೋಧರ ಕಡಿಯುವ ಮನಸ್ಸಿನಿಂದ ಹಿಟ್ಟಿಗೆ ಕೋಳಿಯ ರೂಪ ಕೊಡಿಸಿದ. ಇವಳು ಕೂಡಿ ಉಣ್ಣುವ ಮನಸ್ಸಿನಿಂದ ಸೋಯಾಕ್ಕೆ ಕೈಮದ ರೂಪ ಕೊಟ್ಟಳು. ಸಂಕಲ್ಪವೇ ಮುಖ್ಯವೆಂದು ಹೇಳುವ ಜನ್ನನ ಮುಂದೆ ಈ ಮೊಕದ್ದಮೆ ಹೋದರೆ ಅವನು ಇವಳ ಕಡೆಗೇ ತೀರ್ಪು ಕೊಡುತ್ತಾನೆಂದು ನನ್ನ ನಂಬಿಕೆ.

ಅಮಾವಾಸ್ಯೆಯ ಸಂಜೆ ಎಡೆ ಇಟ್ಟೆವು. ಅವ್ವ ಎಲೆಯ ಒಂದು ಬದಿಗೆ ಎಂದಿನಂತೆ ತಾನು ಮಾಡಿದ ಬಾಡಿನ ಸಾರು ಬಡಿಸಿದಳು. ಇನ್ನೊಂದು ಬದಿಗೆ ಮೊಮ್ಮಗಳ ಉಂಡೆ ನಾಲ್ಕು ಇಟ್ಟಳು. ಧೂಪ ಹಾಕಿ, ಅಪ್ಪನ ಫೋಟೋದ ಕಡೆ ನೋಡುತ್ತ, ಗಟ್ಟಿಯಾಗಿಯೇ ಹೇಳಿದಳು: ‘ನೋಡಿ, ಈ ಕಡೇದು ಬಾಡಲ್ಲ, ಸೋಯಾದ್ದು. ನಿಮ್ಮ ಮೊಮ್ಮಗ್ಳು ಮಾಡವ್ಳೆ. ಆಮೇಕೆ ನಂಗೇಳ್ನಿಲ್ಲ ಅನ್ಬ್ಯಾಡಿ.’

ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ಜಗಲಿಯ ಮೇಲೆ ಕೂತೆವು. ಹಿರಿಯರು ಉಂಡು ಮುಗಿಸುವವರೆಗೆ ಮಾತಾಡಬಾರದು ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಅವ್ವ ಮಗಳ ಕಡೆ ಬಾಗಿ ಪಿಸುಗುಟ್ಟಿದಳು, ಮುಂದಿನ ವರ್ಷ ಗಸಗಸೆ ಒಂದು ಚೂರು ಜಾಸ್ತಿ ಹಾಕು ಎಂದು.